ಕೆಂಪು ವೈನಿಗೆ ಶೇಂಗಾ ಚಟ್ನಿಪುಡಿ

ನಮ್ಮ ಸೋದರಮಾವನ ಮೂಗಿಗೆ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಇದ್ದ ಮರ್ಯಾದೆ ಊರಿನ ಎಷ್ಟೋ ದೊಡ್ಡ ಮನುಷ್ಯರಿಗೆ ಇರಲಿಲ್ಲ. ಶೇಂಗಾ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು, ಅಂಗೈಯಲ್ಲಿ ಉಜ್ಜಿ, ಸಿಪ್ಪೆ ಊದಿ, ಮೂಗಿನ ಹತ್ತಿರ ಹಿಡಿದು, ಎರಡು ಕಾಳು ಬಾಯಿಗೆ ಹಾಕಿಕೊಂಡರೆ ಮುಗಿಯಿತು. ಇದು ಸರಿಯಾಗಿ ಒಣಗಿಲ್ಲ, ಇದು ಮಳೆಗೆ ಸಿಕ್ಕಿದ್ದು, ಇದಕ್ಕೆ ಹೋದ ವರ್ಷದ್ದು ಬೆರೆಸಿದ್ದಾರೆ ಎಂದು ಅವರು ಹೇಳಿದ ಮೇಲೆ ತಂದವರೂ ಕೊಳ್ಳುವವರೂ ಎದುರು ಮಾತಾಡುತ್ತಿರಲಿಲ್ಲ. ಮನೆಯಲ್ಲಿ ಮಾತ್ರ ಆ ಮೂಗು ನಮ್ಮತ್ತೆಯ ಶತ್ರು. ಒಗ್ಗರಣೆಯ ಬೆಳ್ಳುಳ್ಳಿ ಒಂಚೂರು ಸೀದರೂ ಪಡಸಾಲೆಯಿಂದ ಕೂಗು ಬರುತ್ತಿತ್ತು.

ಹೋದ ವರ್ಷ ಮಳೆಗಾಲದ ಕೊನೆಗೆ ಬಂದ ಒಂದು ಜ್ವರ ಆ ಮೂಗನ್ನು ಹೊತ್ತುಕೊಂಡು ಹೋಯಿತು. ಜ್ವರ ಬಿಟ್ಟಿತು, ವಾಸನೆ ಮಾತ್ರ ವಾಪಸ್ಸು ಬರಲಿಲ್ಲ. ತಾನಾಗೇ ಬರುತ್ತೆ, ತಡ ಆಗಬಹುದು ಎಂದು ಡಾಕ್ಟರು ಹೇಳಿದ್ದರಂತೆ. ಎರಡು ತಿಂಗಳು ಕಳೆಯಿತು. ಹೊಸ ಶೇಂಗಾ ಬರುವ ಕಾಲ ಬಂತು, ಮಿಲ್ಲಿನಿಂದ ಫೋನೂ ಬಂತು. ನೆಗಡಿ ಎಂದು ಮಾವ ಎರಡು ಸಲ ಸುಳ್ಳು ಹೇಳಿದರು. ಒಂದು ಶನಿವಾರ ಅತ್ತೆ ನನಗೆ ಫೋನು ಮಾಡಿದರು.

"ಸೋಮವಾರ ಮಿಲ್ಲಿಗೆ ಹೋಗಿ, ಇನ್ಮೇಲೆ ನಾ ಬರಲ್ಲ, ಬೇರೆಯೋರ್ನ ನೋಡ್ಕಳ್ರಿ ಅಂತ ಹೇಳಿ ಬರ್ತಾರಂತೆ ಕಣೇ. ನನ್ನ ಅಡಿಗೆ ಬೈಯೋದೂ ಬಿಟ್ಟವ್ರೆ. ಹಾಕಿದ್ದು ತಿಂತಾರೆ, ಎದ್ದು ಹೋಗ್ತಾರೆ. ನಂಗೆ ಹೆದ್ರಿಕೆ ಆಗ್ತೈತೆ."

ಭಾನುವಾರ ಬೆಳಿಗ್ಗೆಯೇ ಮೊಳಕಾಲ್ಮುರಿನಲ್ಲಿ ಬಸ್ಸು ಹತ್ತಿದೆ. ಬರಿಗೈಯಲ್ಲಿ ಹೋಗಲು ಮನಸ್ಸು ಬರಲಿಲ್ಲ. ಹಣ್ಣು ಒಯ್ದರೆ ಅವರಿಗೆ ಪರಿಮಳವಿಲ್ಲ, ತಿಂಡಿ ಒಯ್ದರೆ ರುಚಿಯಿಲ್ಲ. ನನ್ನ ಗಂಡ ಆಫೀಸಿನವರ ಜೊತೆ ವಿಜಯಪುರದ ಕಡೆ ಪ್ರವಾಸ ಹೋದಾಗ ದ್ರಾಕ್ಷಿ ತೋಟದಿಂದ ತಂದಿದ್ದ ಒಂದು ಬಾಟಲಿ ಸಿಹಿ ಕೆಂಪು ವೈನು, ಯಾರಾದರೂ ದೊಡ್ಡವರು ಮನೆಗೆ ಬಂದಾಗ ತೆಗೆಯೋಣ ಎಂದು ನಾಲ್ಕು ತಿಂಗಳಿಂದ ಕಪಾಟಿನಲ್ಲಿ ಕೂತಿತ್ತು. ಮಾವನಿಗಿಂತ ದೊಡ್ಡವರು ನಮಗೆ ಯಾರಿದ್ದಾರೆ? ಟವೆಲಿನಲ್ಲಿ ಸುತ್ತಿ ಚೀಲದ ತಳಕ್ಕೆ ಇಟ್ಟುಕೊಂಡೆ. ತಳಕಿನ ಹತ್ತಿರ ಬಸ್ಸು ಉಬ್ಬು ಹತ್ತಿ ಎಗರಿದಾಗ ಚೀಲ ಜಾರಿ ಪಕ್ಕದ ಅಜ್ಜಿಯ ಕಾಲಿಗೆ ಬಡಿಯಿತು.

"ಏನವ್ವಾ ಇದು, ಗುಂಡುಕಲ್ಲಾ?"

"ಔಷಧಿ, ಅಜ್ಜಿ" ಎಂದೆ. ಅಜ್ಜಿ ಕಾಲು ಸವರಿಕೊಳ್ಳುತ್ತ, "ಯಾರಿಗೋ ಪಾಪ, ಇಷ್ಟು ದೊಡ್ಡ ಬಾಟ್ಲಿ" ಎಂದು ಮರುಗಿತು.

ಬಾಟಲಿಯನ್ನು ಊಟದ ಮನೆಯಲ್ಲಿ ಇಟ್ಟ ಕೂಡಲೇ ಮಾವ ಹುಬ್ಬೇರಿಸಿದರು. "ಹೆಂಡ ತಂದವ್ಳಲ್ಲೇ ನನ್ನ ಸೊಸೆ!"

"ಹಣ್ಣಿನ ರಸಾನೇ ಹುಳಿ ಬರ್ಸಿರ್ತಾರೆ ಕಣ್ರೀ" ಎಂದು ಅತ್ತೆ ನನ್ನ ಪರ ನಿಂತರು. "ನಮ್ಮ ರಾಂಪುರದಾಗೆ ಅಜ್ಜಿ ಜೊತೆ ಕುಂತು ಈಚಲು ಕಳ್ಳು ಕುಡ್ದೋಳು ನಾನು. ನಂಗೊತ್ತಿಲ್ವಾ?"

ಮಾವ ಹೆಂಡತಿಯನ್ನು ಹೊಸಬರನ್ನು ನೋಡುವಂತೆ ನೋಡಿದರು. "ಮದ್ವೆ ಆಗಿ ನಲವತ್ತು ವರ್ಷ ಆತು. ಇವತ್ತು ಹೇಳ್ತೀಯಾ ಇದನ್ನ?"

"ನೀವು ಕೇಳ್ಲಿಲ್ಲ."

ಬಾಟಲಿಗೆ ಬಿರಡೆ ಹಾಕಿದ್ದರು. ಎಳೆಯಲು ಏನೂ ಸಾಮಾನಿಲ್ಲ. ಚಾಕು ಚುಚ್ಚಿದರೆ ಬಿರಡೆಯ ಮೇಲ್ಭಾಗ ಪುಡಿಪುಡಿಯಾಯಿತು. ಕೊನೆಗೆ ಅತ್ತೆ ಲಟ್ಟಣಿಗೆಯ ಹಿಡಿಯನ್ನು ಬಾಟಲಿಯ ಬಾಯಿಗೆ ಇಟ್ಟು, ಸೆರಗು ಸಿಕ್ಕಿಸಿಕೊಂಡು, ಮೇಲಿಂದ ಒಂದು ಗುದ್ದು ಗುದ್ದಿದರು. ಬಿರಡೆ ಒಳಗೆ ಬಿತ್ತು, ವೈನು ಹೊರಗೆ ಚಿಮ್ಮಿತು. ಮಾವನ ಬಿಳಿ ಬನಿಯನ್ನು ಖೂನಿ ಕೇಸಿನ ಬಟ್ಟೆಯಾಯಿತು. ನನ್ನ ಕಿರುಚಾಟಕ್ಕೆ ಗೋಡೆಯಾಚೆಯಿಂದ ಪಕ್ಕದ ಮನೆಯಾಕೆ, "ಏನಾತ್ರೀ ಅಲ್ಲಿ?" ಎಂದರು. "ಏನಿಲ್ಲಮ್ಮಾ, ಶರಬತ್ತು ಚೆಲ್ತು" ಎಂದ ಅತ್ತೆ ನನ್ನನ್ನು ನೋಡಿ ಕಣ್ಣು ಹೊಡೆದರು.

ಮೂರು ಸ್ಟೀಲು ಲೋಟಕ್ಕೆ ಹಾಕಿದೆವು. ಮಾವ ಕುಡಿಯಲಿಲ್ಲ. ಎಣ್ಣೆ ನೋಡುವವರ ಅಭ್ಯಾಸ, ಅಂಗೈಗೆ ನಾಲ್ಕು ಹನಿ ಹಾಕಿಕೊಂಡು ಉಜ್ಜಿ, ಕಣ್ಣು ಮುಚ್ಚಿ ಮೂಗಿಗೆ ಒಯ್ದರು. ಕೈ ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಇಳಿಯಿತು.

"ಏನೂ ಇಲ್ಲ ಕಣವ್ವಾ." ಒಂದು ಗುಟುಕು ಕುಡಿದರು. "ಸಿಹಿ ಐತೆ. ಅದರ ಬೆನ್ನಿಗೇ ಒಂದಿಷ್ಟು ಹುಳಿ. ಆದ್ರೆ ಯಾವುದರ ಸಿಹಿ? ಬೆಲ್ಲದ ಪಾನಕ ಅಂದ್ರೂ ಹೂಂ ಅಂತೀನಿ."

ನನಗೋ, ನೇರಳೆ ಹಣ್ಣು ಬಾಯ್ತುಂಬ ತುಂಬಿಕೊಂಡು ಬಿಸಿಲಿನಲ್ಲಿ ಓಡಿದ ಹಾಗಿತ್ತು. ಮೊದಲು ಸಿಹಿ, ಆಮೇಲೆ ನಾಲಿಗೆಗೆ ಸ್ವಲ್ಪ ಒಗರು, ಗಂಟಲು ಇಳಿದ ಮೇಲೆ ಎದೆಯಲ್ಲೊಂದು ಸಣ್ಣ ದೀಪ. ಅತ್ತೆ ಕಾಫಿ ಕುಡಿದಂತೆ ಲೋಟ ಖಾಲಿ ಮಾಡಿ, ತುಟಿ ಒರೆಸಿಕೊಂಡು ಕೇಳಿದರು: "ಚೆನ್ನಾಗೈತೆ. ಇದಕ್ಕೆ ನೆಂಚ್ಕಳಕ್ಕೆ ಏನ್ ಕೊಡಾನ?"

ಅಲ್ಲಿಂದ ಶುರುವಾಯಿತು ನೋಡಿ. ಡಬ್ಬಿಯಲ್ಲಿದ್ದ ರವೆ ಉಂಡೆ ಮೊದಲು ಬಂತು. ಉಂಡೆಯ ಸಿಹಿಯ ಮುಂದೆ ವೈನಿನ ಸಿಹಿ ಸೋತು, ಬರೀ ಹುಣಸೆನೀರು ಉಳಿಯಿತು. ಆಮೇಲೆ ಮಧ್ಯಾಹ್ನದ ಮುದ್ದೆ, ಕೋಳಿಸಾರು. ಅತ್ತೆ ಒಂದು ತುತ್ತು ಮುದ್ದೆಯನ್ನು ನೇರ ವೈನಿಗೇ ಅದ್ದಿ ನುಂಗಿ, ಮುಖ ಹಿಂಡಿ, "ಇದು ಬ್ಯಾಡ" ಎಂದು ತೀರ್ಪು ಕೊಟ್ಟರು. ಸಾರಿನ ಜೊತೆ ಮಾತ್ರ ಹೊಂದಿತು. ಮೆಣಸಿನ ಖಾರ ಎದ್ದಾಗ ಒಂದು ಗುಟುಕು ಬಿದ್ದರೆ, ಅಳುವ ಮಗುವಿನ ಬೆನ್ನು ತಟ್ಟಿದ ಹಾಗೆ ಖಾರ ಸುಮ್ಮನಾಗುತ್ತಿತ್ತು.

"ಹಂಗಾದ್ರೆ ಇದು ಖಾರ ಕೇಳ್ತೈತೆ" ಎಂದು ಅತ್ತೆ ಎಣ್ಣೆ ಬಾಣಲೆ ಇಟ್ಟೇಬಿಟ್ಟರು. ಮೆಣಸಿನಕಾಯಿ ಬಜ್ಜಿ! ಕಾಯಿ ಎಂಥದು ತಂದಿದ್ದರೋ, ಮೊದಲ ಕಚ್ಚಿಗೇ ನನ್ನ ಕಿವಿಯಲ್ಲಿ ಗಂಟೆ ಬಾರಿಸಿತು. ಬಜ್ಜಿ, ಗುಟುಕು, ಬಜ್ಜಿ, ಗುಟುಕು. ಮೂವರಿಗೂ ಕಾರಣವಿಲ್ಲದ ನಗು. ಮಾವನ ಹಣೆಯಲ್ಲಿ ಬೆವರು, ಕಣ್ಣಲ್ಲಿ ನೀರು, ಮೂಗಿನಲ್ಲಂತೂ ಧಾರೆ. ಟವೆಲು ಹಿಡಿದು ಮೂಗು ಸೀಟಿ, ಮತ್ತೆ ಸೀಟಿ, "ಸಾಯಿಸ್ತೀರಲ್ರೇ ಇಬ್ರೂ!" ಎಂದು ಉಸಿರೆಳೆದುಕೊಂಡರು.

ಬಾಯಿ ತಣ್ಣಗಾಗಲಿ ಎಂದು ಅತ್ತೆ ಮಂಡಕ್ಕಿ ತಂದರು. ಹಸಿ ಈರುಳ್ಳಿ, ಚೂರು ಎಣ್ಣೆ, ಮೇಲೆ ಧಾರಾಳವಾಗಿ ಶೇಂಗಾ ಚಟ್ನಿಪುಡಿ. ನಾನೂ ತಿಂದೆ, ವೈನೂ ಕುಡಿದೆ, ಆಹಾ ಎಂದೆ. ಉಪ್ಪು, ಖಾರ, ಹುರಿದ ಶೇಂಗಾ, ಅದರ ಮೇಲೆ ತಂಪಾಗಿ ಹರಿಯುವ ದ್ರಾಕ್ಷಿ. ಇದೇ ಜೋಡಿ ಎಂದು ಇನ್ನೊಂದು ಹಿಡಿ ತೆಗೆಯುವಷ್ಟರಲ್ಲಿ ಮಾವನ ಅಗಿತ ನಿಂತಿತು.

"ತಡಿ."

ತಟ್ಟೆಯಿಂದ ಒಂದು ಚಿಟಿಕೆ ಚಟ್ನಿಪುಡಿ ಎತ್ತಿ ಅಂಗೈಯಲ್ಲಿ ಉಜ್ಜಿದರು. ಮೂಗಿನ ಹತ್ತಿರ ಒಯ್ದರು. ಅತ್ತೆ ಲೋಟ ಹಿಡಿದಲ್ಲೇ ಕಲ್ಲಾದರು.

"ಈ ಶೇಂಗಾ ಯಾವತ್ತಿಂದೇ?"

"ಯಾಕ್ರೀ?"

"ಹೋದ ವರ್ಷದ್ದು. ಕಮಟು ಹತ್ತೈತೆ."

ನಾನು ನನ್ನ ತಟ್ಟೆಗೆ ಮೂಗು ಇಟ್ಟು ನೋಡಿದೆ. ನನಗೇನೂ ತಿಳಿಯಲಿಲ್ಲ. ಅದು ಮಾವನ ಮೂಗಿಗೆ ಮಾತ್ರ ಸಿಗುವಂಥ ಕಮಟು.

"ಅಯ್ಯೋ ದೇವುಡಾ!" ಅತ್ತೆ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡರು. "ಡಬ್ಬದ ತಳದಾಗೆ ಉಳ್ಕಂಡಿತ್ತು. ನಿಮಗೆ ಹೆಂಗೂ ಗೊತ್ತಾಗಲ್ಲ, ಖರ್ಚಾಗ್ಲಿ ಅಂತ..."

"ಎಷ್ಟು ದಿನದಿಂದ ತಿನ್ನಿಸ್ತಿದೀಯಾ?"

"ಜ್ವರ ಬಿಟ್ಟಾಗಿಂದ" ಎಂದವರು ಅಳಲು ಹೋಗಿ ನಗತೊಡಗಿದರು. ಮಾವ ಗದರಲು ಬಾಯಿ ತೆರೆದರು, ಆದರೆ ಅವರ ಮುಖ ಅವರ ಮಾತು ಕೇಳಲಿಲ್ಲ. ಬೆಳಗುತ್ತಿತ್ತು. ಮತ್ತೆ ವೈನನ್ನು ಅಂಗೈಗೆ ಹಾಕಿಕೊಂಡು ಉಜ್ಜಿದರು. ಬಹಳ ಹೊತ್ತು ಹಿಡಿದರು.

"ದ್ರಾಕ್ಷಿ" ಎಂದರು ಮೆಲ್ಲಗೆ. "ದೂರದಾಗೆ ನಿಂತು ಕರೆದಂಗೈತೆ. ಆದ್ರೆ ದ್ರಾಕ್ಷೀನೇ. ಬಿಸಿಲು ಚೆನ್ನಾಗಿ ತಿಂದೈತೆ."

ಆಮೇಲೆ ಆ ಮನುಷ್ಯನನ್ನು ಹಿಡಿಯುವವರಿಲ್ಲ. ಲೋಟ ಕೈಯಲ್ಲಿ ಹಿಡಿದು, ಖೂನಿ ಬನಿಯನ್ನಿನಲ್ಲೇ ಮನೆಯೆಲ್ಲ ಸುತ್ತಿದರು. ಬಜ್ಜಿ ಕರಿದ ಎಣ್ಣೆ ಎರಡನೇ ಸಲದ್ದು ಎಂದರು. ಮೊಸರಿನ ಪಾತ್ರೆ ಸರಿಯಾಗಿ ತೊಳೆದಿಲ್ಲ ಎಂದರು. ಅತ್ತೆ ಬೆನ್ನಿಗೇ ನಡೆಯುತ್ತ, "ಹೌದ್ರೀ, ತೊಳ್ದಿಲ್ಲ. ಇನ್ನೂ ಹೇಳ್ರೀ" ಎಂದು ಒಪ್ಪಿಕೊಳ್ಳುತ್ತಿದ್ದರು. ನಾನು ಬಾಗಿಲಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ.

ವಾಸನೆ ತಂದದ್ದು ಡಾಕ್ಟರು ಹೇಳಿದ ಕಾಲವೋ, ಬಜ್ಜಿಯ ಖಾರವೋ, ನನ್ನ ವೈನೋ ಎಂಬ ವಾದ ಇನ್ನೂ ಮುಗಿದಿಲ್ಲ. ಅತ್ತೆಯಂತೂ ತಮ್ಮ ಹಳೇ ಶೇಂಗಾವೇ ಎನ್ನುತ್ತಾರೆ. ಊರಿಗೆ ಬಂದು ನನ್ನ ಗಂಡನಿಗೆ ಬಾಟಲಿಯ ಕತೆ ಹೇಳಿದೆ. "ದೊಡ್ಡೋರಿಗೇ ಹೋತು ಬಿಡು" ಎಂದು ನಕ್ಕರು.

ಮಂಗಳವಾರ ಸಂಜೆ ಅತ್ತೆಯ ಫೋನು ಬಂತು. ಸೋಮವಾರ ಮಿಲ್ಲಿಗೆ ಹೋದ ಮಾವ, ಇನ್ಮೇಲೆ ಬರಲ್ಲ ಅನ್ನುವ ಮಾತೇ ಎತ್ತಲಿಲ್ಲವಂತೆ, ಎರಡು ದಿನವೂ ಚೀಲದ ಮುಂದೇ ಕೂತಿದ್ದರಂತೆ. ಹೇಳುತ್ತಿದ್ದ ಹಾಗೆಯೇ ಅತ್ತೆ ಮಾತು ನಿಲ್ಲಿಸಿದರು. "ತಡಿ, ಕೇಳು" ಎಂದು ಫೋನನ್ನು ಪಡಸಾಲೆಯ ಕಡೆ ಹಿಡಿದರು ಅಂತ ಕಾಣುತ್ತೆ. ದೂರದಿಂದ ಮಾವನ ದನಿ, ಪೂರ್ತಿ ಜೋರಿನಲ್ಲಿ, ಯಾರೋ ಬೆಳ್ಳುಳ್ಳಿ ಸೀಯಿಸಿದ್ದಾರೆ ಎಂದು ಬೈಯುತ್ತಿತ್ತು.

"ಕೇಳಿಸ್ತೇನೇ?" ಎಂದು ಅತ್ತೆ ಪಿಸುಗುಟ್ಟಿದರು.