ಬಟನ್ ಬಚ್ಚಿಟ್ಟ ಯಂತ್ರದಜ್ಜಿ

ಗೆಳೆಯರೇ, ಇವತ್ತು ನಾನು ನೂರು ವರ್ಷ ಮುಂದಿನ ಹುನಗುಂದದಲ್ಲಿ ಸಿಕ್ಕಿಹಾಕಿಕೊಂಡಿದ್ದೆ.

ನಮ್ಮ ಒಂಬತ್ತನೇ ತರಗತಿಯ ಮಕ್ಕಳು ಮುಂದಿನ ಕಾಲದ ಕಥೆ ಬರೆದು, ಅದರೊಳಗಿನ ಮನೆಯನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಾರೆ. ವಿಆರ್ ಕನ್ನಡಕ ಹಾಕಿಕೊಂಡು ಆ ಮನೆಯಲ್ಲಿ ಓಡಾಡಿ, ಅಲ್ಲಿ ಬಾಳಬಹುದೇ ಎಂದು ನೋಡುವುದು ಟೀಚರಾದ ನನ್ನ ಕೆಲಸ. ಇವತ್ತು ಶೈಲಾ ಕಟ್ಟಿದ ಮನೆಯ ಸರದಿ. ಗೋಡೆಗಳು ತಾವೇ ತಂಪಾಗುತ್ತವೆ. ಅಡುಗೆಮನೆಯಲ್ಲಿ ಯಂತ್ರದ ಅಜ್ಜಿಯೊಬ್ಬಳು ರೊಟ್ಟಿ ಬಡಿಯುತ್ತಾಳೆ. ಎಲ್ಲ ನೋಡಿ ಹೊರಡೋಣವೆಂದರೆ, ಹೊರಬರುವ ಬಟನ್ನೇ ಇಲ್ಲ. ಬಟನ್ ಒತ್ತದೆ ಕನ್ನಡಕ ತೆಗೆಯುವಂತಿಲ್ಲ, ಅದು ನಮ್ಮ ಕ್ಲಾಸಿನ ನಿಯಮ.

“ಶೈಲಾ, ಬಟನ್ ಹಾಕೋದು ಮರ್ತೀಯೇನು?”

“ಮರ್ತಿಲ್ರಿ ಟೀಚರ್. ಅಜ್ಜಿ ಬಚ್ಚಿಟ್ಟಾಳ್ರಿ.”

“ಯಾಕ?”

“ನೀವು ಉಣ್ಣದ ಹೊಂಟೀರಲ್ರಿ. ಉಂಡ್ರ ಕೊಡ್ತಾಳ್ರಿ.”

“ನನಗ ಇನ್ನೊಂದು ಕ್ಲಾಸ್ ಐತಿ.”

“ಅದನ್ನ ಅಜ್ಜಿಗೆ ಹೇಳ್ರಿ.”

ನಮ್ಮ ಸ್ವಂತ ಅಜ್ಜಿಗೂ ಹಾಗೆ ಹೇಳಿ ಗೆದ್ದವರನ್ನು ನಾನು ಕಂಡಿಲ್ಲ. ಬಂದವರು ಪಡಸಾಲೆಯಲ್ಲಿ ಕೂತ ಕೂಡಲೇ ನಮ್ಮಜ್ಜಿ ಅವರ ಚಪ್ಪಲಿಗಳನ್ನು ಒಯ್ದು ಜೋಳದ ಚೀಲದ ಹಿಂದೆ ಬಚ್ಚಿಡುತ್ತಿದ್ದಳು. ಅವರು ಉಂಡು ಕೈ ತೊಳೆದ ಮೇಲೆಯೇ ಅವು ಹೊರಬರುತ್ತಿದ್ದವು. ಅಷ್ಟರಲ್ಲಿ ಎಷ್ಟೋ ಜನರ ಬಾದಾಮಿ ಬಸ್ಸು ಹೋಗಿರುತ್ತಿತ್ತು.

ಗಾಳಿಯಲ್ಲಿ ಕೈಯಾಡಿಸಿ, ಇಲ್ಲದ ರೊಟ್ಟಿ ಮುರಿದು ಉಂಡೆ. ಮಕ್ಕಳೆಲ್ಲ ನಗುತ್ತಿದ್ದರು. “ಇನ್ನೊಂದು ಹಾಕ್ಲೇನ?” ಎಂದಳು ಯಂತ್ರದಜ್ಜಿ. ಹಾಕಿಸಿಕೊಂಡೆ. ಆಮೇಲೆಯೇ ಬಟನ್ ಸಿಕ್ಕಿದ್ದು.

ಆ ಮನೆಯಲ್ಲಿ ಬಾಳಬಹುದು ಎಂದು ಶೈಲಾಳಿಗೆ ಹೇಳಿ ಬಂದೆ. ಈಗ ಯಾರ ಮನೆಯಿಂದ ಉಣ್ಣದೆ ಎದ್ದರೂ ನನ್ನ ಚಪ್ಪಲಿಗಳು ಬಿಟ್ಟಲ್ಲಿಯೇ ಇರುತ್ತವೆ.