ಮೆಣಸಿನಕಾಯಿ ಕಟ್ಟಿಕೊಂಡ ಗಡಿಯಾರ

ಮೊನ್ನೆ ರಾಣೆಬೆನ್ನೂರಿನಲ್ಲಿ ಬಸ್ಸಿಳಿದು ಒಂದು ಖಾನಾವಳಿಯ ಮುಂದೆ ಹಾದು ಹೋಗುವಾಗ ಎಣ್ಣೆಗಾಯಿಯ ವಾಸನೆ ಬಂತು. ಬೇರೆಯವರಿಗಾದರೆ ಬಾಯಲ್ಲಿ ನೀರೂರುತ್ತದೆ. ನನಗೆ ಹೊಟ್ಟೆಯೊಳಗೆ ಬೆಂಕಿ ಬಿತ್ತು. ನನ್ನ ಪಿಎಚ್‌ಡಿ ಮುಳುಗಿದ್ದು ಇದೇ ವಾಸನೆಯಲ್ಲಿ. ಮುಳುಗಿಸಿದವರು ನನ್ನ ಗೈಡ್ ಸರ್. ಹೋದ ವಾರ ತೀರಿಕೊಂಡರು. ನಾನು ಹೊರಟಿದ್ದೂ ಅವರ ಮನೆಯವರನ್ನು ಮಾತಾಡಿಸಿಕೊಂಡು ಬರಲಿಕ್ಕೆ. ಸತ್ತವರ ಬಗ್ಗೆ ಕೆಟ್ಟದ್ದು ಬರೆಯಬಾರದು ಅನ್ನುವವರು ಇಲ್ಲಿಗೇ ಓದುವುದು ನಿಲ್ಲಿಸಿ. ನನಗೇನೂ ಬೇಜಾರಿಲ್ಲ.

ಬ್ಯಾಡಗಿ ಮೆಣಸಿನಕಾಯಿಯ ಕೆಂಪು ನಿಮಗೆಲ್ಲ ಗೊತ್ತು. ಒಂದೇ ಬೀಜ, ಮೋಟೆಬೆನ್ನೂರಿನ ಹೊಲದಲ್ಲಿ ಒಂದು ಬಣ್ಣ, ಐರಣಿಯ ಹೊಳೆದಂಡೆಯಲ್ಲಿ ಇನ್ನೊಂದು ಬಣ್ಣ. ಯಾಕೆ ಅಂತ ಹುಡುಕುವುದು ನಮ್ಮ ಕೆಲಸ. ಕಾಯಿಯೊಳಗೆ ಸಾವಿರಾರು ಜೀನ್‌ಗಳಿರುತ್ತವೆ. ಕಾಯಿ ಕಿತ್ತ ಗಳಿಗೆಯಲ್ಲಿ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿತ್ತು ಎಂಬುದನ್ನು ಆರ್‌ಎನ್‌ಎ ಸೀಕ್ವೆನ್ಸಿಂಗ್ ಹೇಳುತ್ತದೆ. ಯಾವ ಜೀನ್‌ಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೋ ಅವುಗಳ ನಡುವೆ ಗೆರೆ ಎಳೆಯುತ್ತ ಹೋದರೆ ಒಂದು ಜಾಲ ಮೂಡುತ್ತದೆ. ಜೊತೆಗೆ ಓಡಾಡುವವರು ಬಂಧುಗಳೇ ಇರಬೇಕು ಎಂಬ ನಂಬಿಕೆ. ಮೋಸ ಇರುವುದೂ ಅಲ್ಲೇ. ಹಾವೇರಿ ಪೇಟೆಯಲ್ಲಿ ಜೋರು ಮಳೆ ಬಂದಾಗ ಒಂದೇ ತಗಡಿನ ಕೆಳಗೆ ನಿಂತವರ ಫೋಟೋ ತೆಗೆದು, ಇವರೆಲ್ಲ ಒಂದೇ ಮನೆಯವರು ಅಂದರೆ ಹೇಗೆ?

ಸರ್ ಬುದ್ಧಿವಂತರು. ಸುಳ್ಳು ಹೇಳಲಾರೆ, ಈ ಜಾಲ ನೇಯುವುದನ್ನು ನನಗೆ ಕಲಿಸಿದವರೇ ಅವರು. ಆದರೆ ಊಟದ ವಿಷಯ ಬಂದರೆ ಮಾತ್ರ... ಬೆಳಿಗ್ಗೆ ಹಾವೇರಿ ಬಿಟ್ಟ ಜೀಪು ಮೊದಲು ನಿಲ್ಲುತ್ತಿದ್ದದ್ದು ಮೋಟೆಬೆನ್ನೂರಿನಲ್ಲಿ. ಬಿಸಿಲೇರುವ ಮೊದಲೇ ಕಾಯಿ ಕಿತ್ತು, ಟ್ಯೂಬಿಗೆ ಹಾಕಿ, ಆ ಗಳಿಗೆಯಲ್ಲೇ ಹೆಪ್ಪುಗಟ್ಟಲಿ ಅಂತ ಹೊಗೆಯಾಡುವ ದ್ರವ ಸಾರಜನಕದ ಕ್ಯಾನಿಗೆ ಇಳಿಸುತ್ತಿದ್ದೆ. ಆಮೇಲೆ ರಾಣೆಬೆನ್ನೂರಿನ ಖಾನಾವಳಿ. ಬಿಸಿ ರೊಟ್ಟಿ, ಎಣ್ಣೆಗಾಯಿ, ಮೇಲೆ ಎಲೆ ಅಡಿಕೆ. ಐರಣಿ ಮುಟ್ಟುವಷ್ಟರಲ್ಲಿ ಹೊತ್ತು ವಾಲಿರುತ್ತಿತ್ತು. ಪ್ರತಿ ಸಲವೂ ಹೀಗೇ.

ಒಂದು ದಿನ ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ. "ಸರ್, ಒಮ್ಮೆರ ಐರಣಿಗೆ ಮೊದಲ ಹೋಗೋಣ್ರಿ. ಗಿಡದಾಗ ಜೀನ್ ಹೊತ್ತಿಗೆ ತಕ್ಕಂಗ ಏರತಾವ, ಇಳಿತಾವ."

ಅವರು ರೊಟ್ಟಿ ಮುರಿಯುತ್ತ ನಕ್ಕರು. "ಮೆಣಸಿನಕಾಯಿ ಗಡಿಯಾರ ಕಟ್ಕೊಂಡಿರತೈತೇನವಾ? ಸುಮ್ನ ಉಣ್ಣು. ಆರಿದ್ರ ರೊಟ್ಟಿ ಚಪ್ಪಲಿ ಆಕ್ಕೈತಿ."

ಜಾಲ ಚೆಂದ ಬಂತು. ಕೆಂಪು ಬಣ್ಣದ ಗುಟ್ಟು ಸಿಕ್ಕಿತು ಅಂತ ಸರ್‌ಗೆ ಶಾಲು, ಹಾರ. ಮುಂದೆ ಬೇರೆ ಊರಿನ ತಂಡವೊಂದು ಅವೇ ಹೊಲಗಳಿಂದ ಕಾಯಿ ಕಿತ್ತು ನೋಡಿದರೆ ಆ ಜಾಲದ ಸುಳಿವೇ ಇಲ್ಲ. ವಿಭಾಗದ ಮೀಟಿಂಗಿನಲ್ಲಿ ಪ್ರಶ್ನೆ ಎದ್ದಿತು. ಸರ್ ನನ್ನ ಕಡೆ ನೋಡದೆಯೇ ಅಂದರು, "ನಮ್ಮ ಹುಡುಗಿ ಎರಡೂ ಊರಿನ ಟ್ಯೂಬ್ ಕಲಸಿಬಿಟ್ಟಾಳ."

ಅಲ್ಲಿಗೆ ನನ್ನ ಪಿಎಚ್‌ಡಿ ಮುಗಿಯಿತು. ಬ್ಯಾಡಗಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವ ಕೆಲಸ ಹಿಡಿದೆ. ಹಳೆಯ ಜೊತೆಗಾರರಿಗೆ ನಾನು ಇವತ್ತಿಗೂ "ಟ್ಯೂಬ್ ಕಲಸಿದಾಕಿ". ನನಗೆ ಬೇಕಾಗಿದ್ದದ್ದು ಡಿಗ್ರಿ ಅಲ್ಲ. "ಆಕಿ ಕಲಸಿಲ್ಲ" ಎಂಬ ಮಾತು, ಅದೂ ಅವರ ಬಾಯಿಂದ.

ಆ ಟ್ಯೂಬುಗಳ ಸೀಕ್ವೆನ್ಸಿಂಗ್ ಮಾಹಿತಿಯೆಲ್ಲ ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ನೋಡುವಂತೆ ಇತ್ತು. ಒಂದು ಬೇಸಿಗೆ ರಜೆಯಲ್ಲಿ ಅದನ್ನು ಇಳಿಸಿಕೊಂಡು ಕೂತೆ. ಬಣ್ಣದ ಜೀನ್‌ಗಳನ್ನು ಬದಿಗಿಟ್ಟು, ಗಿಡದೊಳಗೆ ಹೊತ್ತು ಕಾಯುವ ಜೀನ್‌ಗಳನ್ನಷ್ಟೇ ನೋಡಿದೆ. ಚಿತ್ರ ಬಿಡಿಸಿದರೆ ಟ್ಯೂಬುಗಳು ಎರಡು ಗುಂಪಾಗಿ ಬೇರೆ ನಿಂತವು. ಮೋಟೆಬೆನ್ನೂರಿನವೆಲ್ಲ ಮುಂಜಾನೆ ಅನ್ನುತ್ತಿದ್ದವು, ಐರಣಿಯವೆಲ್ಲ ಮಧ್ಯಾಹ್ನ. ದಾರಿ ತಪ್ಪಿದ್ದು ಒಂದೂ ಇಲ್ಲ. ನಾನು ಕಲಸಿದ್ದರೆ ಮುಂಜಾನೆಯ ಕಾಯಿ ಐರಣಿಯ ಗುಂಪಿನಲ್ಲಿ ಸಿಕ್ಕಿಬೀಳಬೇಕಿತ್ತಲ್ಲ? ಇನ್ನು ಅವರ ಹೆಸರುವಾಸಿ ಜಾಲದಲ್ಲಿ ಇದ್ದವೂ ಬಹುಪಾಲು ಹೊತ್ತಿನ ಜೊತೆ ಕುಣಿಯುವ ಜೀನ್‌ಗಳೇ. ಮಣ್ಣಿನ ಎಳೆ ಯಾವುದು, ಊಟದ ಎಳೆ ಯಾವುದು, ಬಿಡಿಸಲು ಯಾರಿಂದಲೂ ಆಗದು.

ಇಮೇಲ್ ಮಾಡಬಹುದಿತ್ತು. ಮಾಡಲಿಲ್ಲ. ನನಗೆ ಜನ ಬೇಕಿತ್ತು.

ಹಾವೇರಿಯಲ್ಲಿ ಅವರ ಉಪನ್ಯಾಸ ಅಂತ ಗೊತ್ತಾದಾಗ ಆ ಚಿತ್ರವನ್ನು ಬ್ಯಾನರಿನಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಇಳಕಲ್ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತೆ. ಸರ್ ಗುರುತು ಹಿಡಿಯಲಿಲ್ಲ. ಟ್ಯೂಬ್ ಕಲಸಿದ ಹುಡುಗಿಯ ಕಥೆಯನ್ನೂ ಹೇಳಿ ಸಭೆಯನ್ನು ನಗಿಸಿದರು.

ಎದ್ದು ನಿಂತೆ. "ಸರ್, ಆ ಹುಡುಗಿ ನಾನ ರೀ."

ನಗು ನಿಂತಿತು. ಚಿತ್ರ ಬಿಚ್ಚಿ ಹಿಡಿದೆ. "ಒಂದ ಟ್ಯೂಬೂ ಕಲಸಿಲ್ರಿ. ಮೆಣಸಿನಕಾಯಿ ಖರೇನ ಗಡಿಯಾರ ಕಟ್ಕೊಂಡಿತ್ತು. ಮೋಟೆಬೆನ್ನೂರಂದು ಮುಂಜಾನಿ ತೋರಸ್ತೈತಿ, ಐರಣಿದು ನಿಮ್ಮ ಎಣ್ಣೆಗಾಯಿ ಊಟ ಆದ ಮ್ಯಾಲಿನ ಹೊತ್ತು ತೋರಸ್ತೈತಿ."

"ಹಂಗಾರ ಇದು ಎಣ್ಣೆಗಾಯಿ ಜಾಲ ಅನ್ರಿ!" ಹಿಂದಿನಿಂದ ಯಾರೋ ಕೂಗಿದರು. ಸಭೆ ಬಿದ್ದು ಬಿದ್ದು ನಕ್ಕಿತು.

ಸರ್ ಕನ್ನಡಕ ಏರಿಸಿ ನೋಡಿದರು. ಅವರಿಗೆ ಒಂದೇ ಗಳಿಗೆಯಲ್ಲಿ ಅರ್ಥವಾಯಿತು. ಕಿವಿ ಕೆಂಪಗಾದದ್ದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. "ನೋಡೋಣು" ಅಂದರು, ನೀರು ಕುಡಿದರು. ಅಷ್ಟೇ. ಹೊರಗೆ ಮೆಟ್ಟಿಲ ಮೇಲೆ ಕಾದು ನಿಂತೆ. ಕಾರು ನನ್ನ ಮುಂದೆಯೇ ಹೋಯಿತು. ಆ ರಾತ್ರಿ ಹಾಯಾಗಿ ನಿದ್ದೆ ಬಂತು, ಮುಚ್ಚಿಡುವುದೇನು. ಆದರೆ ಆ ಒಂದು ಮಾತಿಗಾಗಿ ಮುಂದೆಯೂ ಕಾಯುತ್ತಲೇ ಇದ್ದೆ...

ಮೊನ್ನೆ ಅವರ ಮನೆಯಲ್ಲಿ ಹೆಸರು ಹೇಳಿದೆ. ಅವರ ಹೆಂಡತಿಯ ಮುಖ ಅರಳಿತು.

"ಅಯ್ಯ, ಟ್ಯೂಬ್ ಕಲಸಿದ ಹುಡುಗಿ ನೀವ ಏನ್ರಿ? ಬರ್ರಿ, ಕುಂದರ್ರಿ. ಭಾಳ ನೆನಸ್ತಿದ್ರು ನಿಮ್ಮನ್ನ." ನನ್ನ ಕೈ ಹಿಡಿದುಕೊಂಡರು. "ಅದನ್ನ ಮನಸಿಗೆ ಹಚ್ಕೋಬ್ಯಾಡ್ರಿ ಮತ್ತ. ಅವರು ನಿಮ್ಮನ್ನ ಎಂದೋ ಕ್ಷಮಿಸಿಬಿಟ್ಟಾರ."

ಕ್ಷಮೆಯಂತೆ. ನನಗಂತೆ! ಅತ್ತು ಅತ್ತು ಬಾತ ಆ ಕಣ್ಣುಗಳ ಮುಂದೆ ಏನು ಹೇಳಲಿ? "ಹೂಂ ರೀ" ಅಂದೆ. ಕೊಟ್ಟ ಚಹಾ ಕುಡಿದೆ. ಹಾರ ಹಾಕಿದ ಫೋಟೋದಲ್ಲಿ ಸರ್ ಆರಾಮಾಗಿದ್ದರು.

ಆ ಚಿತ್ರವನ್ನು ಹಾಗೆ ಒಂದೇ ನೋಟಕ್ಕೆ ಓದಬಲ್ಲವರು ಈ ಜಿಲ್ಲೆಯಲ್ಲಿ ನನಗೆ ಇನ್ನೊಬ್ಬರು ಸಿಕ್ಕಿಲ್ಲ. ಸಿಗುವುದೂ ಇಲ್ಲ. ಸರ್, ನೀವು ಇನ್ನಷ್ಟು ದಿನ ಇರಬೇಕಿತ್ತು. ನನ್ನ ಜಗಳ ಇನ್ನೂ ಮುಗಿದಿರಲಿಲ್ಲ.