ನಲವತ್ತೇಳು ಕಿಲೋ ಕೂಸು

ಆಸ್ಪತ್ರೆಗಳಿಗೆ ಎಳೆಗೂಸುಗಳ ತಕ್ಕಡಿ ಮಾಡಿಕೊಡುವ ಆ ಕಂಪನಿಯಲ್ಲಿ, ಬೇರೆಯವರು ಬರೆದ ಪ್ರೋಗ್ರಾಂಗಳಲ್ಲಿ ಹುಳುಕು ಹುಡುಕುವುದೇ ದೊಡ್ಡಪ್ಪನ ಕೆಲಸ. ಆತ ಯಾರಿಗೂ ನಿಜವಾದ ದೊಡ್ಡಪ್ಪನಲ್ಲ. ಐವತ್ತಾರು ವಯಸ್ಸು, ಗೆರೆ ಮುರಿಯದ ಇಸ್ತ್ರಿ ಅಂಗಿ, ಎದುರಿನವರ ಮಾತು ಮುಗಿಯುವ ಮುಂಚೆಯೇ ಮೇಲೇಳುವ ತೋರುಬೆರಳು. ಹುಡುಗರು ಬೆನ್ನ ಹಿಂದೆ ಆ ಹೆಸರಿಡಲು ಇಷ್ಟು ಸಾಕಾಯಿತು. ಎದುರಿಗೆ ಎಲ್ಲರೂ ಸರ್ ಅನ್ನುತ್ತಿದ್ದರು.

ಪ್ರತಿ ಗುರುವಾರ ಹತ್ತು ಗಂಟೆಗೆ ಕಿಟಕಿಯಿಲ್ಲದ ಕೋಣೆಯಲ್ಲಿ ವಿಚಾರಣೆ. ಮೇಜಿನ ತುದಿಯ ದೊಡ್ಡ ಕುರ್ಚಿಯಲ್ಲಿ ದೊಡ್ಡಪ್ಪ. ಪ್ರೋಗ್ರಾಂ ಬರೆದವರು ಗೋಡೆ ಪಕ್ಕದ ಸ್ಟೂಲಿನ ಮೇಲೆ ಕೂತು ಒಂದೊಂದೇ ಸಾಲು ಓದಿ ಅರ್ಥ ಹೇಳಬೇಕು. ಹೇಳಲಾಗದ ಸಾಲನ್ನು ತಮ್ಮ ಕೈಯಾರೆ ಅಳಿಸಬೇಕು. ಈ ಕಾನೂನು ತಂದ ಮಹಾನುಭಾವನೂ ಆತನೇ. ಆದರೆ ಆತನ ಸ್ವಂತ ಫೈಲ್, ತೂಕ ಓದಿ ಪರದೆಗೆ ತರುವ ಮೂಲ ಪ್ರೋಗ್ರಾಂ, ಆ ಸ್ಟೂಲನ್ನು ಕಂಡೇ ಇರಲಿಲ್ಲ. ಅದನ್ನು ಯಾರೂ ಮುಟ್ಟಬಾರದೆಂದು ಬರೆದು ಅಂಟಿಸಿದ್ದ.

ಆ ಕೋಣೆಯಲ್ಲಿ ಆತನ ಆಯುಧ ಯಮಣ್ಣ. ಯಮಣ್ಣ ಒಂದು ಕಂಪ್ಯೂಟರ್. ಲೋಕದಲ್ಲೆಲ್ಲೂ ಇಲ್ಲ, ದೊಡ್ಡಪ್ಪನ ನಾಲಿಗೆಯ ಮೇಲಷ್ಟೇ ಇದ್ದ. ಪ್ರೋಗ್ರಾಂ ಭಾಷೆಯ ನಿಯಮಪುಸ್ತಕದಲ್ಲಿ ಅಲ್ಲಲ್ಲಿ, ಹೀಗೆ ಬರೆದರೆ ಮುಂದೇನಾದೀತೋ ಹೇಳಲಾಗದು ಎಂದಿರುತ್ತದೆ. ಇದ್ದಬದ್ದ ಕಂಪ್ಯೂಟರುಗಳೆಲ್ಲ ಅಂಥ ಕಡೆ ಹೇಗೋ ಹೊಂದಿಕೊಂಡು ಹೋಗುತ್ತವೆ. ಯಮಣ್ಣ ಮಾತ್ರ, ನಿಯಮ ಮೀರದೆ ಮಾಡಬಹುದಾದ ಅತಿ ಕೆಟ್ಟದ್ದನ್ನೇ ಹುಡುಕಿ ಮಾಡುತ್ತಾನೆ.

"ನಿನ್ನ ಮಶೀನಲ್ಲಿ ಓಡುತ್ತೆ, ಸಂತೋಷ," ಅನ್ನುತ್ತಿದ್ದ ದೊಡ್ಡಪ್ಪ. "ಯಮಣ್ಣನ ಮೇಲೆ ಹಾಕಿದ್ರೆ? ನೀನು ಅತ್ತೆ ಬಗ್ಗೆ ಗೆಳತಿಗೆ ಬರೆದಿದ್ದನ್ನೆಲ್ಲ ಅತ್ತೆಗೇ ಕಳಿಸ್ತಾನೆ. ಆಮೇಲೆ ಲಿಫ್ಟನ್ನ ಎರಡು ಮಹಡಿ ಮಧ್ಯ ನಿಲ್ಲಿಸ್ತಾನೆ. ಒಳಗೆ ಯಾರು? ನೀನೂ ಅತ್ತೆಯೂ ಇಬ್ರೇ."

ಸ್ಟೂಲಿನ ಮೇಲಿದ್ದವರನ್ನು ಬಿಟ್ಟು ಎಲ್ಲರೂ ನಗುತ್ತಿದ್ದರು. ಮನೆಯಲ್ಲಿ ಆತನ ಮಾತಿಗೆ ಹೆಂಡತಿ ಹೂಂಗುಟ್ಟುವುದನ್ನೂ ಬಿಟ್ಟಿದ್ದಳು. ಮಗಳು ಕಿವಿಗೆ ಸಿಕ್ಕಿಸಿಕೊಂಡದ್ದನ್ನು ತೆಗೆಯುತ್ತಲೇ ಇರಲಿಲ್ಲ. ಗುರುವಾರದ ಆ ದೊಡ್ಡ ಕುರ್ಚಿ ಹೋದರೆ ಆತನ ಬಾಳಿನಲ್ಲಿ ಉಳಿಯುತ್ತಿದ್ದುದು ಇಸ್ತ್ರಿ ಅಂಗಿ ಮಾತ್ರ.

ಎಲ್ಲರಿಗಿಂತ ಹೆಚ್ಚು ಅನುಭವಿಸಿದವಳು ಗುಬ್ಬಿ. ಸಣ್ಣ ದನಿಯ, ಸಣ್ಣ ಮೈಕಟ್ಟಿನ ಆ ಹೆಣ್ಣುಮಗಳಿಗೆ ಹೆಸರಿಟ್ಟವನೂ ದೊಡ್ಡಪ್ಪನೇ. ನಾಲ್ಕು ವರ್ಷ ಅವಳನ್ನು ಹುರಿದು ಮುಕ್ಕಿದ. ಒಂದು ಗುರುವಾರ ಅವಳು, "ಸರ್, ಅಪ್ಪನಿಗೆ ಹನ್ನೊಂದಕ್ಕೆ ಆಪರೇಷನ್. ನನ್ನದನ್ನ ನಾಳೆ ನೋಡ್ತೀರಾ?" ಎಂದು ಕೇಳಿದಳು.

"ಯಮಣ್ಣ ಯಾರ ಅಪ್ಪನಿಗೂ ಕಾಯಲ್ಲಮ್ಮ," ಅಂದ ದೊಡ್ಡಪ್ಪ. ಕೋಣೆಗೆ ಕೋಣೆಯೇ ನಕ್ಕಿತು. ಆ ನಗು ನೆನೆದರೆ ಗುಬ್ಬಿಗೆ ಇವತ್ತಿಗೂ ಮೈ ಉರಿಯುತ್ತದೆ. ಅಪ್ಪ ಬದುಕಿಕೊಂಡರು, ಆ ಮಾತು ಬೇರೆ. ಒಳಗೆ ಕರೆದೊಯ್ಯುವಾಗ ಮಗಳೆಲ್ಲಿ ಎಂದು ಎರಡು ಸಲ ಕೇಳಿದ್ದರಂತೆ.

ಆಮೇಲೆ ತಕ್ಕಡಿಗೆ ಹೊಸ ಚಿಪ್ ಬಂತು. ಹಳೆಯದು ಸಂಖ್ಯೆಯನ್ನು ಎರಡು ತುಂಡು ಮಾಡಿ ಚಿಕ್ಕ ತುಂಡನ್ನು ಮೊದಲಿಡುತ್ತಿತ್ತು, ಇದು ದೊಡ್ಡದನ್ನು. ಜೊತೆಗೆ ಹೊಸ ಮ್ಯಾನೇಜರೂ ಬಂದಳು, ಮಾತು ಕಮ್ಮಿಯ ಹೆಂಗಸು. "ಎಲ್ಲರ ಫೈಲೂ ವಿಚಾರಣೆಗೆ ಬರ್ಲಿ, ನಿಮ್ಮದೂ," ಅಂದಳು. "ಯಾರ ಫೈಲ್ ಬಿದ್ದುಹೋಗುತ್ತೋ ಅವರು ಇನ್ನೊಬ್ಬರದ್ದನ್ನ ನೋಡೋದು ಬೇಡ."

ಸೋಮವಾರ ಬೆಳಗ್ಗೆ ದೊಡ್ಡಪ್ಪ ಒಬ್ಬನೇ ಹೊಸ ಚಿಪ್ಪಿನ ತಕ್ಕಡಿಯ ಮೇಲೆ ಮೂರು ಕಿಲೋದ ರಬ್ಬರ್ ಕೂಸನ್ನು ಮಲಗಿಸಿದ. ತುಂಡುಗಳು ಅದಲುಬದಲಾಗಿ, ಪರದೆ ನಲವತ್ತೇಳು ಕಿಲೋ ನೂರಾ ಹದಿನೈದು ಗ್ರಾಂ ಅಂದಿತು. ಬೇರೆಯವರ ಫೈಲಾಗಿದ್ದರೆ ವಾರವೆಲ್ಲ ನಗಬಹುದಿತ್ತು. ಎರಡು ದಿನ ತಿಣುಕಿದ. ಹಳೆ ಚಿಪ್ಪನ್ನೇ ನಂಬಿ ಹರೆಯದಲ್ಲಿ ಹಿಡಿದ ಅಡ್ಡದಾರಿಗಳು ಫೈಲಿನ ತುಂಬ ಇದ್ದವು. ಒಂದು ಕಡೆ ತೇಪೆ ಹಾಕಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತಿತ್ತು. ಹನ್ನೊಂದು ವರ್ಷದಿಂದ ಆತ ಒಂದು ಸಾಲೂ ಬರೆದಿರಲಿಲ್ಲ. ತಪ್ಪು ಹಿಡಿದು ಹಿಡಿದು ಕೈಗೆ ಬರೆಯುವುದೇ ಮರೆತಿತ್ತು. ಅದು ಆತನಿಗೆ ಗೊತ್ತಾದದ್ದು ಆಗಲೇ.

ಬುಧವಾರ ಮೆಟ್ಟಿಲ ಬಳಿ ಗುಬ್ಬಿಯನ್ನು ತಡೆದ. "ಮಗಳೇ, ನನ್ನ ಫೈಲ್ ಸ್ವಲ್ಪ ನೋಡ್ತೀಯಾ? ಯಾರಿಗೂ ಹೇಳಬೇಡ." ಮಗಳೇ ಎಂಬ ಮಾತು ಆ ಬಾಯಿಂದ ಹೊರಟದ್ದು ಅದೇ ಮೊದಲು.

"ಹೇಳಲ್ಲ ಸರ್," ಅಂದಳು. ಮಧ್ಯಾಹ್ನದೊಳಗೆ ಸರಿಮಾಡಿ, ಆತನ ಹೆಸರಿನಲ್ಲೇ ಸೇರಿಸಿ ಕೊಟ್ಟಳು. ಕೂಸು ಸರಿಯಾಗಿ ಮೂರು ಕಿಲೋ ತೂಗಿತು. ದೊಡ್ಡಪ್ಪನಿಗೆ ಹೋದ ಜೀವ ಬಂದಂತಾಯಿತು. ಏನು ಬರೆದೆ ಎಂದು ಅವಳನ್ನು ಕೇಳಲು ಮಾತ್ರ ಸೊಕ್ಕು ಬಿಡಲಿಲ್ಲ.

ಗುರುವಾರ ತಕ್ಕಡಿಯೂ ಕೂಸೂ ಕೋಣೆಗೆ ಬಂದವು. ದೊಡ್ಡಪ್ಪ ಸ್ಟೂಲಿನ ಮೇಲೆ ಕೂತ. ಪ್ರಶ್ನೆ ಕೇಳಲು ಮ್ಯಾನೇಜರ್ ಗುಬ್ಬಿಯನ್ನು ನೇಮಿಸಿದ್ದಳು. ಅರವತ್ತು ಸಾಲು ಸಲೀಸಾಗಿ ಸಾಗಿದವು.

"ದೊಡ್ಡ ತುಂಡು ಓದಿದ್ರಿ, ಚಿಕ್ಕದು ಓದಿದ್ರಿ," ಅಂದಳು ಗುಬ್ಬಿ. "ಇಲ್ಲಿ ದೊಡ್ಡದನ್ನೇ ಇನ್ನೊಂದು ಸಲ ಓದಿ ಹೋಲಿಸಿದ್ದೀರಲ್ಲ ಸರ್, ಯಾಕೆ?"

ದೊಡ್ಡಪ್ಪ ಸಾಲನ್ನು ದಿಟ್ಟಿಸಿದ. ಗೊತ್ತಿಲ್ಲ ಅನ್ನಬಹುದಿತ್ತು, ಜೀವಮಾನದಲ್ಲಿ ಅಂದವನಲ್ಲ. "ಅದು ಕೈತಪ್ಪಿ ಎರಡು ಸಲ ಬಂದಿದೆ. ಬೇಕಾಗಿಲ್ಲ."

"ಹಾಗಾದ್ರೆ ಅಳಿಸಿ ಸರ್."

ಅಳಿಸಿದ. ಪರದೆ ಮೂರು ಕಿಲೋ ತೋರಿಸುತ್ತಲೇ ಇತ್ತು. ಆತನ ಮುಖಕ್ಕೆ ಕಳೆ ಬಂತು, ತೋರುಬೆರಳೂ ಅರ್ಧ ಎದ್ದಿತು. ಗುಬ್ಬಿ ಎದ್ದು ಬಂದು ಕೂಸಿನ ರಬ್ಬರ್ ಕಾಲನ್ನು ಹಿಡಿದು ಅಲ್ಲಾಡಿಸುತ್ತ ನಿಂತಳು. ಸಂಖ್ಯೆ ಅತ್ತಿತ್ತ ತೂಗಾಡಿ, ಇದ್ದಕ್ಕಿದ್ದಂತೆ ಮೂರು ಕಿಲೋ ಮುನ್ನೂರಕ್ಕೆ ಹಾರಿತು.

"ಕೂಸು ಸುಮ್ಮನೆ ಮಲಗಲ್ಲ ಸರ್, ಒದೆಯುತ್ತೆ. ಎರಡು ತುಂಡು ಓದೋ ನಡುವೆ ತೂಕ ಬದಲಾದ್ರೆ ಹಳೇ ತುಂಡಿಗೆ ಹೊಸ ತುಂಡು ಅಂಟಿಕೊಳ್ಳುತ್ತೆ. ಈ ತೂಕ ನೋಡಿ ಡಾಕ್ಟ್ರು ಔಷಧಿ ಕೊಡ್ತಾರೆ. ಆ ಸಾಲು ಇದ್ದದ್ದು ಅದನ್ನ ಹಿಡಿಯೋಕೆ."

ಮ್ಯಾನೇಜರ್ ದೊಡ್ಡಪ್ಪನತ್ತ ತಿರುಗಿದಳು. "ಇದನ್ನ ಬರೆದಿದ್ದು ನೀವೇ ತಾನೇ?"

ಆತ ಗುಬ್ಬಿಯ ಮುಖ ನೋಡಿದ. ಏನು ಬೇಡಬೇಕೆಂದು ಆತನಿಗೇ ತಿಳಿಯಲಿಲ್ಲ. ನಿಜ ಹೇಳಿದರೂ ಕುರ್ಚಿ ಹೋಗುತ್ತಿತ್ತು, ಮುಚ್ಚಿಟ್ಟರೂ ಹೋಗುತ್ತಿತ್ತು. ಅವಳು ಕೊಟ್ಟ ಮಾತಿಗೆ ತಪ್ಪಲಿಲ್ಲ.

"ಅವರೇ ಮೇಡಂ. ಪ್ರತಿ ಸಾಲಿಗೂ ಅವರ ಹೆಸರೇ ಇದೆ," ಎಂದು ಹೋಗಿ ತನ್ನ ಜಾಗದಲ್ಲಿ ಕೂತಳು. "ಮುಂದಿನ ಸಾಲು ಓದಿ ಸರ್."

ದೊಡ್ಡಪ್ಪ ಅರವತ್ತೆರಡನೆಯ ಸಾಲು ಓದತೊಡಗಿದ. ಫೈಲಿನಲ್ಲಿ ಇನ್ನೂ ಮೂರು ಸಾವಿರ ಸಾಲುಗಳಿದ್ದವು.